ಹೆಸರು ಕರೆದ ಕಲ್ಲು

ತಾನ್ ರೂಯಿ ಹೊಂಗ್‌ಯಾನಿನ ಹಳೆಯ ಗಣಿಯಿಂದ ಇನ್ನು ಹೊರಗೆ ಬರುವುದಿಲ್ಲವೆಂದು ಗೊತ್ತಾದ ದಿನ ಊರಿನವರೆಲ್ಲ ಗಣಿಯ ಬಾಯಿಯ ಬಳಿ ನಿಂತಿದ್ದರು. ಬಂಡೆ ಕುಸಿದಿದೆ ಎಂದರು ಕೆಲವರು. ಪೇಟೆಯವನಿಗೆ ಒಳದಾರಿ ತಿಳಿಯಲಿಲ್ಲ ಎಂದರು ಇನ್ನು ಕೆಲವರು. ಶಿ ಅಜ್ಜಿ ಮಾತ್ರ ಊದುಬತ್ತಿ ಹಚ್ಚಿ ಮಣ್ಣಿಗೆ ಚುಚ್ಚಿ ಕೈಮುಗಿದು ಕುಳಿತಳು. ಹೇಳಬೇಕಾದದ್ದನ್ನೆಲ್ಲ ಅವಳು ಬೇಸಿಗೆಯಲ್ಲೇ ಹೇಳಿಯಾಗಿತ್ತು. ಕೇಳಬೇಕಾದವನು ನಕ್ಕಿದ್ದ.

ಆಗ ಅವನು ಬಂದದ್ದು ಕಲ್ಲು ಕೊಳ್ಳುವುದಕ್ಕೆ. ಭೂವಿಜ್ಞಾನ ಓದಿದವನು, ಚಾಂಗ್‌ಷಾ ಪೇಟೆಯಲ್ಲಿ ಅವನಿಗೆ ಹರಳುಗಳ ಅಂಗಡಿ. ಗುಯ್‌ಜೋ ಸೀಮೆಯ ಪಾದರಸದ ಗಣಿಗಳು ಮುಚ್ಚಿದ ಮೇಲೆ ಅವನಂಥವರು ಗಣಿಗಾರರ ಮನೆಮನೆ ತಿರುಗಿ ಅಲ್ಲಿ ಉಳಿದ ಇಂಗಳೀಕವನ್ನು ಹುಡುಕುತ್ತಿದ್ದರು. ಇಂಗಳೀಕವೆಂದರೆ ಪಾದರಸದ ಅದಿರು. ಆದರೆ ಅದು ಬಿಳಿಯ ಕಲ್ಲಿನ ಮೇಲೆ ದಾಳಿಂಬೆಯ ಬೀಜದ ಹಾಗೆ ಹರಳುಗಟ್ಟಿ ಕುಳಿತಾಗ ಕುಲುಮೆಗೆ ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ.

ಶಿ ಅಜ್ಜಿಯ ಮಗ ಶೌಗನ್ ಅವನನ್ನು ಮನೆಯೊಳಗೆ ಕರೆದ. ಸತ್ತ ಹಿರಿಯರನ್ನು ಪೂಜಿಸುವ ಪೀಠದ ಕೆಳಗೆ ಕರಿಯ ಬಟ್ಟೆ ಸುತ್ತಿದ ಮರದ ಪೆಟ್ಟಿಗೆಯಿತ್ತು. ತಾನ್ ರೂಯಿ ಮುಚ್ಚಳವನ್ನು ಬೆರಳಗಲ ಸರಿಸಿ ಟಾರ್ಚ್ ಬಿಟ್ಟ. ಒಂದಕ್ಕೊಂದು ಹೊಕ್ಕು ಬೆಳೆದ ಜೋಡಿ ಹರಳುಗಳು. ಅಷ್ಟು ಕೆಂಪನ್ನು ಅವನು ಎಲ್ಲೂ ಕಂಡಿರಲಿಲ್ಲ.

“ಅದನ್ನ ಮುಟ್ಬೇಡಪ್ಪ,” ಎಂದಳು ಅಜ್ಜಿ. “ಮಾರೋ ಕಲ್ಲಲ್ಲ ಅದು. ಅದರೊಳಗೆ ನಮ್ಮ ಯಜಮಾನರು ಮಲಗಿದ್ದಾರೆ.”

ಆ ಸೀಮೆಯಲ್ಲಿ ಸತ್ತವರ ಹಣೆಗೆ, ಎದೆಗೆ, ಅಂಗೈಗಳಿಗೆ, ಅಂಗಾಲುಗಳಿಗೆ ಇಂಗಳೀಕದ ಬೊಟ್ಟಿಡುತ್ತಾರೆ. ಮಣ್ಣಾಗುವ ತನಕ ಜೀವ ಅಲೆಯದೆ ಒಳಗೇ ಇರಲಿ ಎಂದು. ಅಜ್ಜಿಯ ಗಂಡ ಪೆಂಗ್ ದೌಲಿನನ ದೇಹ ಗಣಿಯ ಬಂಡೆಗಳಡಿ ಉಳಿದುಹೋಗಿತ್ತು. ಬೊಟ್ಟಿಡಲು ಹಣೆಯೇ ಸಿಗಲಿಲ್ಲ. ಅದಕ್ಕೆ ಅವಳು ಗಂಡನೇ ಹಿಂದೊಮ್ಮೆ ಅಗೆದು ತಂದಿದ್ದ ಕಲ್ಲಿನೊಳಕ್ಕೆ ಅವನ ಹೆಸರು ಕರೆದು ಪೆಟ್ಟಿಗೆ ಮುಚ್ಚಿದ್ದಳು.

“ಬೆಳಕಿಗೆ ತೆಗೀಬಾರ್ದು. ಒಡೀಲಂತೂ ಬಾರ್ದು. ಒಡೆದ್ರೆ ಇನ್ನೊಂದು ಮನೆ ಹುಡ್ಕೊಂಡು ಹೋಗ್ತಾರೆ.”

ತಾನ್ ರೂಯಿ ನಕ್ಕ. “ಬೆಳಕು ಬಿದ್ರೆ ಇಂಗಳೀಕ ಕಪ್ಪಾಗತ್ತೆ ಅಜ್ಜಿ, ನಾವೂ ಕತ್ತಲಲ್ಲೇ ಇಡೋದು. ನನ್ನ ಅಂಗಡೀಲಿ ನಿಮ್ಮ ಯಜಮಾನರಿಗೆ ಇದಕ್ಕಿಂತ ಒಳ್ಳೇ ಕತ್ತಲೆ ಸಿಗತ್ತೆ, ಬಿಡಿ.”

ಮಾಡು ಸೋರುವ ಮನೆ. ಶೌಗನ್ ತಾಯಿಯ ಮುಖ ನೋಡದೆ ವ್ಯಾಪಾರ ಮುಗಿಸಿದ. ಆದರೆ ಪೆಟ್ಟಿಗೆಯನ್ನು ಎತ್ತಿಕೊಡಲು ಮಾತ್ರ ಒಪ್ಪಲಿಲ್ಲ. “ನೀವೇ ಎತ್ಕೊಳ್ಳಿ ಸಾಹುಕಾರ್ರೇ.”

“ಯಾಕಯ್ಯ, ಭಯವೇ?”

“ಭಯ ಏನಿಲ್ಲ. ಅಪ್ಪ ಬದುಕಿದ್ದಾಗ್ಲೂ ನಾನು ಅವರನ್ನ ಎತ್ಕೊಂಡು ತಿರುಗಿದೋನಲ್ಲ.”

ಇಬ್ಬರೂ ನಕ್ಕರು. ಅಜ್ಜಿ ಖಾಲಿಯಾದ ಜಾಗವನ್ನು ಅಂಗಿಯ ತುದಿಯಿಂದ ಒರೆಸುತ್ತ ಕುಳಿತಳು.

ಅಂಗಡಿಯಲ್ಲಿ ತಾನ್ ರೂಯಿಗೆ ಕಲ್ಲಿನ ಒಂದು ಮೂಲೆ ಹಿಡಿಸಲಿಲ್ಲ. ಮಂಕಾದ, ಹರಳಿಲ್ಲದ ಮೂಲೆ. ಅದನ್ನು ತೆಗೆದರೆ ಕೆಂಪು ಇನ್ನೂ ಎದ್ದು ಕಾಣುತ್ತದೆ. ಚಾಣವಿಟ್ಟು ಮೆಲ್ಲಗೆ ಬಡಿದ. ಎಷ್ಟೋ ಕಲ್ಲುಗಳನ್ನು ಹಾಗೆ ತಿದ್ದಿದ ಕೈ ಅದು. ಆದರೆ ಈ ಕಲ್ಲು ಅವನು ಎಣಿಸಿದ ಕಡೆ ಒಡೆಯಲಿಲ್ಲ. ನಡುವಿಗೇ ಸೀಳಿತು. ಒಳಗೆ ಮುಷ್ಟಿಯಷ್ಟು ಪೊಳ್ಳು. ಅದರಿಂದ ಹಸಿಮಣ್ಣಿನ ವಾಸನೆ ಬಂತು. ಅದರ ಬೆನ್ನಿಗೇ ಗಣಿಯವರು ತಲೆಗೆ ಕಟ್ಟಿಕೊಳ್ಳುತ್ತಿದ್ದ ಕಾರ್ಬೈಡ್ ದೀಪದ ಬೆಳ್ಳುಳ್ಳಿಯಂಥ ಘಾಟು. ಎಲ್ಲಕ್ಕಿಂತ ದೊಡ್ಡ ಹರಳು ಉದುರಿ ಪುಡಿಯಾಯಿತು.

ಹರಳು ಹೋಯಿತೆಂದು ಅವನು ಕೊರಗಿದ. ಪುಡಿಯನ್ನು ಬಾಚಿ ಸೀಸೆಗೆ ತುಂಬಿಸಿದ. ಇಂಗಳೀಕದ ಪುಡಿಯನ್ನು ಯಾರೂ ಬಿಸಾಡುವುದಿಲ್ಲ. ಮುದ್ರೆಯ ಮಸಿ ಮಾಡುವವರು ಕೊಳ್ಳುತ್ತಾರೆ, ಚಿತ್ರ ಬರೆಯುವವರು ಕೊಳ್ಳುತ್ತಾರೆ. ಮಕ್ಕಳನ್ನು ಮೊದಲ ಸಲ ಶಾಲೆಗೆ ಕಳಿಸುವಾಗ ಬುದ್ಧಿಯ ಕಣ್ಣು ತೆರೆಯಲೆಂದು ಹಣೆಗೆ ಇಡುವುದೂ ಅದನ್ನೇ.

ಆ ವರ್ಷ ಅವನ ಮಗಳು ಯಾಯಾ ಶಾಲೆಗೆ ಸೇರುವವಳಿದ್ದಳು.

“ಶಾಲೇಲಿ ಮೇಷ್ಟ್ರೇ ಇಡ್ತಾರಲ್ಲ,” ಎಂದಳು ಹೆಂಡತಿ ಸೂ ವಾನ್.

“ಅವರದು ಡಬ್ಬಿ ಬಣ್ಣ ಕಣೆ. ಇಂಗಳೀಕದ ವ್ಯಾಪಾರಿಯ ಮಗಳು ಡಬ್ಬಿ ಬಣ್ಣ ಹಚ್ಕೊಂಡು ಹೋಗ್ತಾಳಾ?”

ಸೀಸೆಯ ಪುಡಿಯನ್ನು ನೀರಲ್ಲಿ ಅರೆದು, ಕುಂಚದ ತುದಿಯಿಂದ ಮಗಳ ಹಣೆಯ ನಡುವೆ ತಾನೇ ಬೊಟ್ಟಿಟ್ಟ.

“ಅಪ್ಪ, ತಣ್ಣಗಿದೆ,” ಎಂದು ಯಾಯಾ ಕಣ್ಣು ಮುಚ್ಚಿ ನಕ್ಕಳು.

ಸಂಜೆ ತಾಯಿ ಒದ್ದೆ ಬಟ್ಟೆಯಿಂದ ಉಜ್ಜಿದಳು. ಬೊಟ್ಟು ಹೋಗಲಿಲ್ಲ. ಸೋಪು ಹಾಕಿದಳು. ಚರ್ಮ ಕೆಂಪಾಯಿತು, ಬೊಟ್ಟು ಹಾಗೇ ಉಳಿಯಿತು. ಮುಟ್ಟಿದರೆ ಅಲ್ಲಿ ಮಾತ್ರ ಕಲ್ಲಿನ ತಂಪು.

ಮಗು ಊಟ ಬಿಟ್ಟಿತು. ಬೆಳಕಿಗೆ ಬೆನ್ನು ಹಾಕಿ ಮೇಜಿನ ಕೆಳಗೆ ಕೂರತೊಡಗಿತು. ಅಲ್ಲಿಂದ ಸದ್ದು ಬರುತ್ತಿತ್ತು. ಟಕ್. ಟಕ್. ಸ್ವಲ್ಪ ತಡೆದು ಮತ್ತೆ ಟಕ್. ಬೆರಳಿನ ಗೆಣ್ಣಿನಿಂದ ಗೋಡೆಗೆ ಬಡಿದು ಆ ಕಡೆಯಿಂದ ಉತ್ತರ ಬರುತ್ತದೋ ಎಂದು ಕಿವಿಯಿಟ್ಟು ಕೇಳುತ್ತಿತ್ತು. ಮನೆಯ ತುಂಬ ಕಾರ್ಬೈಡ್ ಘಾಟು. ಬಲ ಅಂಗೈಯಲ್ಲಿ ಒಂದು ಕೆಂಪು ಚುಕ್ಕೆ ಮೂಡಿತು. ಆಮೇಲೆ ಎಡಗೈಯಲ್ಲಿ. ಆಸ್ಪತ್ರೆಯವರು ರಕ್ತ ಪರೀಕ್ಷಿಸಿ, ಪಾದರಸದ ವಿಷವೇನೂ ಇಲ್ಲವೆಂದರು. ತಾನ್ ರೂಯಿ ಇದು ಚರ್ಮದ ಅಲರ್ಜಿ ಎಂದ. ಹೆಂಡತಿಗೆ ಹೇಳಿದ, ತನಗೂ ಹೇಳಿಕೊಂಡ.

ಒಂದು ಮುಂಜಾನೆ ಅವನು ಮೇಜಿನ ಕೆಳಗೆ ಬಗ್ಗಿ, “ಬಾ ಮಗಳೇ, ಸ್ವಲ್ಪ ಗಂಜಿ ಕುಡಿ,” ಎಂದು ಕರೆದ.

ಮಗು ಅವನ ಕಡೆ ತಿರುಗಿತು. ಬಾಯಿ ಯಾಯಾಳದು. ದನಿ ಧೂಳು ತುಂಬಿದ ಗಂಟಲಿನದು.

“ಶೌಗನ್ ಉಂಡನಾ?”

ಆ ಹೆಸರನ್ನು ತಾನ್ ರೂಯಿ ಮನೆಯಲ್ಲಿ ಎಂದೂ ಎತ್ತಿರಲಿಲ್ಲ. ಅವನು ಬಟ್ಟಲು ಕೆಳಗಿಟ್ಟು ಮಗುವಿನ ಪಾದಗಳನ್ನು ತಿರುಗಿಸಿ ನೋಡಿದ. ಅಂಗಾಲುಗಳಲ್ಲೂ ಆಗಲೇ ಚುಕ್ಕೆಗಳು ಎದ್ದಿದ್ದವು. ಇನ್ನು ಉಳಿದದ್ದು ಎದೆಯೊಂದೇ.

ಸೀಳಿದ ಕಲ್ಲನ್ನೂ ಪುಡಿಯ ಸೀಸೆಯನ್ನೂ ಕಟ್ಟಿಕೊಂಡು ಅವನು ಹೊಂಗ್‌ಯಾನಿಗೆ ಬಂದ. ಶಿ ಅಜ್ಜಿ ಗಂಟು ಬಿಚ್ಚಿ ಚೂರುಗಳನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಮಗು ಕೇಳಿದ ಮಾತನ್ನು ಅವನು ಹೇಳಿದಾಗ ಬಾಗಿಲಲ್ಲಿ ನಿಂತಿದ್ದ ಶೌಗನ್ ಮುಖ ತಿರುಗಿಸಿಕೊಂಡು ಅಂಗಳಕ್ಕೆ ಹೋದ.

“ಕಲ್ಲು ವಾಪಸ್ ತಗೊಳ್ಳಿ ಅಜ್ಜಿ. ಇನ್ನೂ ಏನು ಬೇಕಾದ್ರೂ ಕೊಡ್ತೀನಿ.”

“ಒಡೆದ ಮನೆಗೆ ಯಾರು ಬರ್ತಾರಪ್ಪ. ಅವರಿಗೆ ಈಗ ನಿನ್ನ ಮಗಳೇ ಮನೆ. ಎದೆ ಮೇಲೂ ಮೂಡಿತೋ, ಬಾಗಿಲು ಹಾಕಿದ ಹಾಗೆ. ಮಗು ಒಳಗೇ ಉಳಿಯತ್ತೆ.”

“ದಾರಿ ಏನೂ ಇಲ್ವಾ?”

ಅಜ್ಜಿ ಸೀಸೆಯನ್ನು ಅವನ ಕಡೆ ಸರಿಸಿದಳು. “ಮಗುವನ್ನ ಹೆತ್ತವರು ಕರೆದ್ರೆ ನಮ್ಮ ಯಜಮಾನರು ಆ ಮೈ ಬಿಟ್ಟು ಕರೆದವರ ಮೈಗೆ ಬರ್ತಾರೆ. ಇದೇ ಪುಡಿ ಹಚ್ಕೊಂಡು ಗಣಿಯೊಳಗೆ ಅವರ ದೇಹ ಇರೋ ಕಡೆ ಹೋಗು. ಅಲ್ಲಿ ಹೆಸರು ಹಿಡಿದು ಕರಿ.”

“ಆಮೇಲೆ ನಾನು ವಾಪಸ್ ಬರೋದು?”

“ಬರೋ ದಾರಿ ಅವರಿಗೇ ಸಿಗಲಿಲ್ಲವಲ್ಲ, ಮಗಾ,” ಎಂದಳು ಅಜ್ಜಿ. ಕಣ್ಣೊರೆಸಿಕೊಂಡಳು.

ಅವನು ಅಂಗಳದಲ್ಲಿ ನಿಂತು ಮನೆಗೆ ಫೋನ್ ಮಾಡಿದ. ಸೂ ವಾನ್ ಅಳುತ್ತಿದ್ದಳು. ಮಗುವಿನ ಎದೆಯ ನಡುವೆ ಸಾಸಿವೆಯಷ್ಟು ಕೆಂಪು ಕಾಣುತ್ತಿದೆ ಎಂದಳು. “ಎಲ್ಲಿದ್ದೀರಿ ನೀವು? ಬೇಗ ಬನ್ನಿ.” ಅವನು ಹೂಂ ಎಂದ.

ಗಣಿಯ ಬಾಯಿಯ ಹೊರಗೆ ಸುಡುವ ಮಧ್ಯಾಹ್ನ. ಶೌಗನ್ ಅವನ ಮುಂಗೈಗೆ ಹಗ್ಗ ಕಟ್ಟಿ ಇನ್ನೊಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡ. “ಎಳೆದ್ರೆ ಸಾಕು, ಜಗ್ತೀನಿ,” ಎಂದ. ತಾನ್ ರೂಯಿ ಹಣೆಗೆ ಪುಡಿ ಹಚ್ಚಿಕೊಂಡು ಬಗ್ಗಿ ಒಳಗೆ ಹೋದ.

ತಿರುವು ದಾಟಿದ ಕೂಡಲೇ ಬೆಳಕು ನಿಂತಿತು. ಟಾರ್ಚಿನ ಮುಂದೆ ಬಾವಲಿಗಳು ಹಾರಿದವು. ಗೋಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅವನ ಹೆಜ್ಜೆಯ ಹಿಂದೆ ಇನ್ನೊಂದು ಹೆಜ್ಜೆ ನೀರಿನಲ್ಲಿ ಬೀಳುತ್ತಿತ್ತು. ಅವನು ನಿಂತ. ಆ ಹೆಜ್ಜೆ ಇನ್ನೊಮ್ಮೆ ಬಿದ್ದು ನಿಂತಿತು. ಕುತ್ತಿಗೆಯ ಮೇಲೆ ಬೆಳ್ಳುಳ್ಳಿಯ ಘಾಟು. ಅವನು ತಿರುಗಿ ನೋಡಲಿಲ್ಲ.

ಕುಸಿದ ಬಂಡೆಗಳ ರಾಶಿ ಸಿಕ್ಕಿತು. ಅದರಾಚೆಯಿಂದ ಟಕ್. ಟಕ್.

“ದೌಲಿನ್,” ಎಂದು ಕರೆದ. ಮತ್ತೆ ಕರೆದ. “ಪೆಂಗ್ ದೌಲಿನ್, ನನ್ನ ಮಗಳನ್ನ ಬಿಡು. ಇಲ್ಲಿ ಬಾ. ನಾನಿದ್ದೀನಿ.”

ಟಾರ್ಚ್ ಆರಿತು. ಅಂಗೈ ತಣ್ಣಗಾಯಿತು. ಬಲಗೈ. ಎಡಗೈ. ಬೆರಳು ಮಡಿಸಲಾಗಲಿಲ್ಲ. ಅಂಗಾಲು ನೆಲಕ್ಕೆ ಅಂಟಿತು. ಯಾರೋ ಅವನೊಳಗೆ ಬಂದು ಕುಳಿತ ಹಾಗೆ. ದಣಿದು ಬಂದವನು ಕೂರುವ ಹಾಗೆ. ಹಗ್ಗ ಎಳೆಯಬೇಕು ಅನ್ನಿಸಿತು. ಎಳೆದರೆ ತನ್ನ ಜೊತೆ ದೌಲಿನನೂ ಹೊರಗೆ ಬರುತ್ತಾನೆ. ಹಲ್ಲಿನಿಂದ ಗಂಟು ಕಚ್ಚಿದ. ಮತ್ತೆ ಕಚ್ಚಿದ. ಬಿಚ್ಚಿತು. ಎದೆಯ ಮೇಲೆ ಒಂದು ಬೆರಳು. ತಣ್ಣನೆಯ ಬೆರಳು.

ಹೊರಗೆ ಶೌಗನ್ ಸಡಿಲಾದ ಹಗ್ಗವನ್ನು ಜಗ್ಗಿದ. ಖಾಲಿ ತುದಿ ಬಂತು. ಅದರ ಹಿಂದೆಯೇ ಒಳಗೆಲ್ಲೋ ಬಂಡೆಗಳು ಕುಸಿದ ಸದ್ದು. ಅದಕ್ಕೂ ಮೊದಲು ತನ್ನನ್ನು ಯಾರೋ ಹೆಸರು ಹಿಡಿದು ಮೆಲ್ಲಗೆ ಕರೆದರೆಂದು ಅವನು ಇವತ್ತಿಗೂ ಹೇಳುತ್ತಾನೆ. ಪೇಟೆಯವನ ದನಿಯೋ, ಅಪ್ಪನದೋ, ಅವನಿಗೆ ಗೊತ್ತಾಗಲಿಲ್ಲವಂತೆ.

ಚಾಂಗ್‌ಷಾದಲ್ಲಿ ಯಾಯಾ ಮೇಜಿನ ಕೆಳಗಿನಿಂದ ತಾನಾಗಿ ಎದ್ದು ಬಂದಳು. “ಅಮ್ಮ, ಹಸಿವು,” ಎಂದಳು. ಸೂ ವಾನ್ ಅಕ್ಕಿಯ ಶಾವಿಗೆ ಬಡಿಸಿ, ಉಣ್ಣುವ ಮಗುವಿನ ಕೈಗಳನ್ನು ತಿರುಗಿಸಿ ನೋಡಿದಳು. ಚುಕ್ಕೆಗಳಿರಲಿಲ್ಲ. ಆಗಲೇ ಹೊಂಗ್‌ಯಾನಿನಿಂದ ಫೋನ್ ಬಂತು.

ಶ್ರಾದ್ಧಕ್ಕೆ ಶಿ ಅಜ್ಜಿ ಮಗನೊಡನೆ ಬಂದಳು. ಗಂಟಿನಿಂದ ಇನ್ನೊಂದು ಇಂಗಳೀಕದ ಕಲ್ಲು ತೆಗೆದಳು. “ಇದರೊಳಗೆ ನಿನ್ನ ಗಂಡನ ಹೆಸರು ಕರಿ, ಮಗಳೇ. ಕಟ್ಟಿಡದಿದ್ರೆ ಮನೆ ಹುಡ್ಕೊಂಡು ಬರ್ತಾನೆ.”

ಸೂ ವಾನ್ ಕಲ್ಲನ್ನು ಮುಟ್ಟಲಿಲ್ಲ. “ಕಟ್ಟಿಟ್ಟವರೂ ಬಂದ್ರಲ್ಲ, ಅಜ್ಜಿ.”

ಅಜ್ಜಿ ಕಲ್ಲನ್ನು ಮತ್ತೆ ಗಂಟು ಕಟ್ಟಿಕೊಂಡಳು. ಇಬ್ಬರು ವಿಧವೆಯರೂ ಪಕ್ಕಪಕ್ಕ ಮಂಡಿಯೂರಿ ಅಮಿತಾಭ ಬುದ್ಧನನ್ನು ಪ್ರಾರ್ಥಿಸಿದರು. ಹಿಂದಿನ ಕೋಣೆಯಲ್ಲಿ ಮಗು ಮಲಗಿತ್ತು. ಸೂ ವಾನ್ ಆ ಬಾಗಿಲನ್ನು ಮುಚ್ಚಿ ಬಂದಿದ್ದಳು.

ನಮೋ ಅಮಿತಾಭ. ಬಂಡೆಗಳಡಿ ಉಳಿದ ದೌಲಿನನಿಗೂ ಅವನಿಗೆ ಮನೆಯಾದ ತಾನ್ ರೂಯಿಗೂ ಪಡುವಣದ ನಿನ್ನ ನಾಡಿನ ದಾರಿ ತೋರಿಸು. ಅವರನ್ನು ಯಾವ ಕಲ್ಲೂ ಹಿಡಿದಿಡದಿರಲಿ. ಮಗಳ ನೆನಪಾಗಿ ತಾನ್ ರೂಯಿ ಎಷ್ಟು ಸಲ ತಿರುಗಿ ನೋಡಿದರೂ ಅವನ ಹೆಜ್ಜೆ ಈ ಹೊಸ್ತಿಲ ಕಡೆ ಬೀಳದಿರಲಿ. ಅವನು ಹೋದ ಕಡೆಯೇ ಶಾಂತನಾಗಿರಲಿ. ನಮೋ ಅಮಿತಾಭ.