ಅವಳು ಆರಿಸಿಕೊಟ್ಟ ದೇಶ

"ತಪ್ಪು ಮೇಡಂ... ಅದು ಅಂಗಲ್ಲ!"

ಕಿಟಕಿಯ ಆಚೆಯಿಂದ ಬಂದ ಗಂಡಸಿನ ದನಿಗೆ ಇಡೀ ತರಗತಿ ಒಮ್ಮೆಲೇ ಆ ಕಡೆ ತಿರುಗಿತು.

ಪ್ರಮೀಳಾಳ ಕೈಯಲ್ಲಿದ್ದ ಸೀಮೆಸುಣ್ಣ ಹಲಗೆಯ ಮೇಲೆ ಹಾಗೇ ನಿಂತಿತು. ಪಾಂಡವಪುರದ ಆ ಪಿಯು ಕಾಲೇಜಿಗೆ ಭೂಗೋಳ ಉಪನ್ಯಾಸಕಿಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಮಕ್ಕಳೆದುರು ಯಾರೂ ಅವಳಿಗೆ ತಪ್ಪು ಎಂದಿರಲಿಲ್ಲ!

ಹೊರಗೆ ಮೂವತ್ತು ದಾಟಿದವನೊಬ್ಬ ನಿಂತಿದ್ದ. ಮೈಯೆಲ್ಲ ಕಲ್ಲಿನ ಬಿಳಿ ಧೂಳು. ಕಾಲೇಜಿನ ಹೊಸ ಬೋರ್‌ವೆಲ್ ಕೊರೆಸಲು ಬಂದವನು.

"ಏನ್ರೀ ತಪ್ಪು?" ಅವಳ ದನಿ ಗಡುಸಾಗಿತ್ತು.

"ನಮೀಬಿಯಾ ಜನ ನೀರಿಲ್ದೆ ಸಾಯ್ತಾವ್ರೆ ಅಂದ್ರಲ್ಲ... ನೀರು ಕಮ್ಮಿ ಅನ್ನೋದು ನಿಜ. ಆದ್ರೆ ಅವ್ರ ರಾಜಧಾನಿಲಿ ಚರಂಡಿ ನೀರ್ನೇ ಶುದ್ಧ ಮಾಡಿ ಕುಡೀತಾರೆ, ಐವತ್ತು ವರ್ಷದಿಂದ. ನಾನೇ ಕುಡ್ದಿವ್ನಿ."

"ಥೂ..." ಎಂದು ಹಿಂದಿನ ಬೆಂಚಿನವರು ನಕ್ಕರು. ಅವನೂ ನಕ್ಕ. ಪ್ರಮೀಳಾ ಮಾತ್ರ ನಗಲಿಲ್ಲ. 'ಎಷ್ಟು ಸೊಕ್ಕು ಇವನಿಗೆ!' ಎಂದುಕೊಂಡು ಕಿಟಕಿ ಮುಚ್ಚಿಸಿಬಿಟ್ಟಳು.

ಆದರೆ ಊಟದ ಹೊತ್ತಿಗೆ ಪುಸ್ತಕ ತೆಗೆದು ನೋಡಿದಳು. ಅವನು ಹೇಳಿದ್ದು ನಿಜವಾಗಿತ್ತು.

ಅವನ ಹೆಸರು ರವೀಂದ್ರ. ನಾಗಮಂಗಲದ ಕಡೆ ಹೊಣಕೆರೆಯವನು. ಬೋರ್‌ವೆಲ್ ಲಾರಿಯ ಜೊತೆ ಆಫ್ರಿಕಾಕ್ಕೆ ಹೋಗಿ, ಐದು ವರ್ಷ ನಮೀಬಿಯಾದ ಹಳ್ಳಿಹಳ್ಳಿಯಲ್ಲಿ ನೀರು ತೆಗೆದು ಬಂದಿದ್ದ. ಈಗ ಕಿರಂಗೂರಿನ ಒಂದು ಬೋರ್‌ವೆಲ್ ಆಫೀಸಿನಲ್ಲಿ ಕೆಲಸ.

ಸಂಜೆ ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಅವನೇ ಎದುರಾದ. ಪ್ರಮೀಳಾ ಬಿಗುಮಾನ ನುಂಗಿಕೊಂಡು ಹೇಳಿದಳು, "ನೀವು ಹೇಳಿದ್ದು ಸರಿ ಇತ್ತು... ಆದ್ರೆ ಹೇಳಿದ ರೀತಿ ಸರಿಯಿರಲಿಲ್ಲ."

"ಅದು ನನ್ ತಪ್ಪೇ ಮೇಡಂ. ಆ ದೇಶದ ಹೆಸ್ರು ಕಿವಿಗ್ ಬಿದ್ದೇಟ್ಗೆ ತಡ್ಕಳಕಾಗ್ಲಿಲ್ಲ."

ಆ ಮಾತಿನಲ್ಲಿ ಸೊಕ್ಕಿರಲಿಲ್ಲ. ಆ ದೇಶ ಬಿಟ್ಟು ಬಂದವನ ಹಂಬಲವಿತ್ತು.

ಬೋರ್‌ವೆಲ್ ಕೆಲಸ ಮುಗಿದರೂ ಆ ಬಸ್ಸಿನ ಪಯಣ ಮುಗಿಯಲಿಲ್ಲ. ಪಾಂಡವಪುರದ ಆಸುಪಾಸಿನಲ್ಲಿ ಕೆಲಸವಿದ್ದ ದಿನವೆಲ್ಲ ಅವನು ಅದೇ ಬಸ್ಸು ಹಿಡಿಯುತ್ತಿದ್ದ, ಕಿರಂಗೂರಿನಲ್ಲಿ ಇಳಿಯುತ್ತಿದ್ದ. ಅವಳು ಪಟ್ಟಣಕ್ಕೆ ಹೋಗಿ ತನ್ನೂರು ಅರಕೆರೆಯ ಬಸ್ಸು ಹತ್ತುತ್ತಿದ್ದಳು. ನಡುವೆ ಸಿಗುತ್ತಿದ್ದುದು ಸ್ವಲ್ಪವೇ ಹೊತ್ತು. ಆ ಹೊತ್ತಿಗಾಗಿ ಅವಳು ಬೆಳಗಿನಿಂದಲೇ ಕಾಯತೊಡಗಿದ್ದು ಯಾವಾಗ? ಅವಳಿಗೇ ಗೊತ್ತಿಲ್ಲ.

"ನಮ್ ಕರ್ನಾಟಕದ ನಾಕರಷ್ಟು ದೊಡ್ದು ಮೇಡಂ. ಜನ ಮಾತ್ರ ಮೂವತ್ತು ಲಕ್ಷ. ಬೆಳಿಗ್ಗೆ ಹೊಂಟ್ರೆ ಮಧ್ಯಾಹ್ನದ ಗಂಟ ಒಂದ್ ಮನೆ ಸಿಗಕಿಲ್ಲ. ಒಂದ್ ಸಲ ಎದುರುಗಡೆ ಜೀಪು ಬಂತು ನೋಡಿ... ಇಬ್ರೂ ಗಾಡಿ ನಿಲ್ಸಿ, ಇಳ್ದು, ಅರ್ಧ ಗಂಟೆ ಮಾತಾಡ್ದೋ! ಅವ್ನ ಭಾಷೆ ನಂಗ್ ಬರಲ್ಲ, ನಂದು ಅವ್ನಿಗ್ ಬರಲ್ಲ!"

"ಮತ್ತೆ ಏನ್ ಮಾತಾಡಿದ್ರಿ?"

"ಏನೋ ಒಂದು... ಮನುಷ್ಯ ಸಿಕ್ಕಿದ್ನಲ್ಲ, ಅಷ್ಟೇ ಸಾಕಿತ್ತು."

ಪ್ರಮೀಳಾ ಕಿಟಕಿಯಾಚೆ ನೋಡಿದಳು. ಎರಡೂ ಕಡೆ ಹಸಿರು ಗದ್ದೆ, ತುಂಬಿದ ನಾಲೆ. ಅವಳು ಹುಟ್ಟಿ ಬೆಳೆದದ್ದು ಇಂಥ ನೀರಿನ ಮಗ್ಗುಲಲ್ಲಿ. ನಾಗಮಂಗಲದ ಕಡೆಯವರೆಂದರೆ ಅವಳ ಅಪ್ಪ ಶಿವಲಿಂಗಯ್ಯನವರಿಗೆ ಅಷ್ಟಕ್ಕಷ್ಟೇ. "ಆ ನೀರಿಲ್ದಿರೋ ಬೆದ್ಲು ಸೀಮೆಗೆ ಯಾರ್ ಹೆಣ್ ಕೊಟ್ಟಾರು?" ಎಂದು ಸಂಬಂಧದ ಮಾತು ಬಂದಾಗಲೆಲ್ಲ ಹೇಳುತ್ತಿದ್ದರು.

'ಅಪ್ಪ ಒಪ್ಪದಿದ್ದರೆ?' ಎಂದು ಅವಳು ಆಗಲೇ ಯೋಚಿಸಿದ್ದಳು! ಅವನಾಗಲಿ ಅವಳಾಗಲಿ ಬಾಯಿ ಬಿಟ್ಟು ಆ ಬಗ್ಗೆ ಒಂದು ಮಾತೂ ಆಡಿರದಿದ್ದರೂ...

ಆಮೇಲೆ ಆ ಶನಿವಾರ ಬಂತು.

ಪರೀಕ್ಷಾ ಕೆಲಸಕ್ಕೆಂದು ಅವಳು ಕೆ.ಆರ್.ಪೇಟೆಗೆ ಹೋಗಿದ್ದಳು. ಬಸ್ ಸ್ಟ್ಯಾಂಡಿಗೆ ನಡೆದು ಬರುವಾಗ ಬಟ್ಟೆ ಅಂಗಡಿಯೊಳಗೆ ರವೀಂದ್ರ ಕಂಡ. ಜೊತೆಗೊಬ್ಬ ವಯಸ್ಸಾದ ಹೆಂಗಸು. ಇನ್ನೊಂದು ಕಡೆ ಚೆಲುವಾದ ಹುಡುಗಿ, ಹೆಗಲ ಮೇಲೆ ಅರಿಸಿನ ಬಣ್ಣದ ರೇಷ್ಮೆ ಸೀರೆ ಹರಡಿಕೊಂಡು ಕನ್ನಡಿ ನೋಡುತ್ತಿದ್ದಳು.

"ಹೆಂಗೈತೆ ಏಳು?" ಹುಡುಗಿ ಕೇಳಿದಳು.

"ಧಾರೆಗೆ ಇದೇ ಇರ್ಲಿ," ರವೀಂದ್ರ ನಕ್ಕ.

ಧಾರೆಗೆ!

ಪ್ರಮೀಳಾ ಒಳಗೆ ಹೋಗಿ 'ಯಾರಿವಳು?' ಎಂದು ಕೇಳಬಹುದಿತ್ತು. ಕೇಳಲಿಲ್ಲ. 'ಕೇಳೋಕೆ ನಾನ್ಯಾರು?' ಎಂದುಕೊಂಡು ಸಿಕ್ಕ ಬಸ್ಸು ಹತ್ತಿಬಿಟ್ಟಳು.

ಮಂಗಳವಾರ ಅವನು ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ. ಯಾಕೋ ಕೈ ಕೈ ಹಿಸುಕಿಕೊಳ್ಳುತ್ತಿದ್ದ.

"ಮೇಡಂ... ಎಲ್ಡ್ ಕಡೆಯಿಂದ ಕೆಲ್ಸಕ್ ಕರ್ದವ್ರೆ. ಒಂದು ಅದೇ ನಮೀಬಿಯಾ. ಇನ್ನೊಂದು ಪಕ್ಕದ್ ದೇಶ, ಬೋಟ್ಸ್ವಾನಾ. ಒಂದ್ ಸಂಸಾರ ನೆಮ್ಮದಿಯಾಗಿ ಬದ್ಕಕೆ ಎರಡ್ರಲ್ಲಿ ಯಾವ್ದು ವಾಸಿ? ನೀವು ಓದಿರೋರು... ನೀವೇ ಏಳ್ಬೇಕು."

ಸಂಸಾರ! ಆ ಮಾತು ಅವಳ ಎದೆಗೆ ನಾಟಿತು. 'ಹೆಂಡತಿಯನ್ನು ಎಲ್ಲಿಗೆ ಕರೆದೊಯ್ಯಲಿ ಅಂತ ನನ್ನನ್ನೇ ಕೇಳುತ್ತಿದ್ದಾನಲ್ಲ...'

"ಬರೆದುಕೊಡ್ತೀನಿ," ಎಂದಳು. ಅಳು ಹೊರಗೆ ಬರದ ಹಾಗೆ ಅಷ್ಟನ್ನೇ.

ಎರಡು ದಿನ ಕೂತು ನಾಲ್ಕು ಹಾಳೆ ಬರೆದಳು. ಎರಡೂ ಮರಳುಗಾಡಿನ ದೇಶ, ಎರಡರಲ್ಲೂ ಜನ ವಿರಳ, ಎರಡರಲ್ಲೂ ಉಳ್ಳವರಿಗೂ ಇಲ್ಲದವರಿಗೂ ಅಜಗಜಾಂತರ. ಆದರೆ ಬೋಟ್ಸ್ವಾನಾ ಮೊದಲೇ ಸ್ವತಂತ್ರವಾಯಿತು. ಸಿಕ್ಕ ವಜ್ರದ ಹಣವನ್ನು ರಸ್ತೆಗೆ, ಶಾಲೆಗೆ, ಆಸ್ಪತ್ರೆಗೆ ಹಾಕಿತು. ತಲಾ ಆದಾಯ ಹೆಚ್ಚು. ನಮೀಬಿಯಾ ಇನ್ನೂ ಹಿಂದೆ. ಬೋಟ್ಸ್ವಾನಾದ ಪಕ್ಕದಲ್ಲಿ 'ಆಸ್ಪತ್ರೆ: ಉತ್ತಮ' ಎಂದು ಬರೆದು ಗೆರೆ ಎಳೆದಳು. ಆ ಹುಡುಗಿಗೆ ಹೆರಿಗೆಗೆ ಅನುಕೂಲವಾಗಲಿ ಎಂದು ಅವಳ ಕೈಯೇ ಬರೆಯಿತು. ಆ ಹಾಳೆಯ ತುದಿ ಒದ್ದೆಯಾಯಿತು. ಅದನ್ನು ಹರಿದು ಬೇರೆ ಬರೆದಳು.

ಕೊನೆಯಲ್ಲಿ, 'ಬೋಟ್ಸ್ವಾನಾ ಒಳ್ಳೆಯದು. ನಿಮಗೂ ನಿಮ್ಮ ಸಂಸಾರಕ್ಕೂ ಶುಭವಾಗಲಿ.'

ಕಾಲೇಜಿನ ಗೇಟಿನ ಬಳಿ ನಿಂತೇ ಅವನು ನಾಲ್ಕೂ ಹಾಳೆ ಓದಿದ. ಕೊನೆಯ ಸಾಲಿಗೆ ಬಂದಾಗ ಮುಖ ಕಳೆಗುಂದಿತು.

"ಇಷ್ಟೇನಾ ಮೇಡಂ?"

"ಇನ್ನೇನು ಬೇಕಿತ್ತು?"

ಅವನು ಹಾಳೆಗಳನ್ನು ಮಡಚಿದ. ಜೇಬಿಗಿಟ್ಟುಕೊಂಡ. "ಏನಿಲ್ಲ... ನೀವ್ ಏಳಿದ್ ದೇಶಕ್ಕೇ ಓಯ್ತೀನಿ."

ತಿಂಗಳೊಳಗೆ ಹೊರಟೇ ಹೋದ.

*

ದಿನಗಳು ಉರುಳಿದವು. ಹೆಣ್ಣು ನೋಡಲು ಬಂದವರಿಗೆಲ್ಲ ಪ್ರಮೀಳಾ ಏನೋ ಒಂದು ನೆಪ ಹೇಳಿ ಕಳಿಸಿದಳು. ಸಂಜೆಯ ಬಸ್ಸು ಕಿರಂಗೂರಿನಲ್ಲಿ ನಿಂತಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ಒಂದೂವರೆ ವರ್ಷದ ಮೇಲೆ ಕಾಲೇಜಿಗೆ ಹೊಸ ಅತಿಥಿ ಉಪನ್ಯಾಸಕಿ ಬಂದಳು. ಪಾಂಡವಪುರಕ್ಕೆ ಮದುವೆಯಾಗಿ ಬಂದವಳು. ಸ್ಟಾಫ್ ರೂಮಿನಲ್ಲಿ ಆ ಮುಖ ಕಂಡದ್ದೇ ಪ್ರಮೀಳಾ ಕುರ್ಚಿಯಿಂದ ಎದ್ದು ನಿಂತಳು.

ಅದೇ ಹುಡುಗಿ! ಅರಿಸಿನ ಬಣ್ಣದ ಸೀರೆಯ ಹುಡುಗಿ!

"ನೀವು... ರವೀಂದ್ರ ಅವರ..."

"ತಂಗಿ ಮೇಡಂ. ಅವ್ರ ಚಿಕ್ಕಮ್ಮನ ಮಗಳು. ಮನೇಲಿ ಎಲ್ರೂ ಚಿನ್ನು ಅಂತಾರೆ. ನನ್ ಮದ್ವೆ ಸೀರೇನೂ ಅಣ್ಣನೇ ಆರಿಸಿದ್ದು." ಆಮೇಲೆ ಅವಳ ಕಣ್ಣು ದೊಡ್ಡದಾಯಿತು. "ಪ್ರಮೀಳಾ ಮೇಡಂ ಅಂದ್ರೆ ನೀವೇನಾ?"

ಪ್ರಮೀಳಾ ತಲೆಯಾಡಿಸಿದಳು.

"ಅಣ್ಣ ನಮ್ ದೊಡ್ಡಮ್ಮನ್ ತಾವ, 'ನಾನೊಬ್ನೇ ಓಗಲ್ಲ ಕಣವ್ವ, ಇಬ್ರೂ ಓಯ್ತೀವಿ. ಎಲ್ಲಿರಾನ ಅಂತ ಪ್ರಮೀಳಾ ಮೇಡಮ್ನೇ ಕೇಳ್ದೆ' ಅಂದಿದ್ದ. ಆಮೇಲೆ ನಾಕು ಹಾಳೆ ಹಿಡ್ಕಂಡು ಬಂದು ಜಗಲಿ ಮೇಲೆ ಸುಮ್ನೆ ಕೂತ್ಬುಟ್ಟ. ನೀವು ಒಲ್ಲೆ ಅಂದ್ರಿ ಅನ್ಕಂಡೋ ನಾವೆಲ್ಲ."

'ಎಲ್ಲಿರೋಣ ಅಂತ ಕೇಳಿದ್ದ... ನಾನೊಬ್ಬಳು, ಉತ್ತರ ಬರೆದು ಅವನನ್ನು ಒಬ್ಬನನ್ನೇ ಕಳಿಸಿಕೊಟ್ಟೆ!'

ಚಿನ್ನು ನಂಬರು ಕೊಟ್ಟಳು. ಪ್ರಮೀಳಾ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಕೊನೆಗೆ ಕಳಿಸಿದ್ದು ಇಷ್ಟೇ. 'ಹೇಗಿದ್ದೀರಿ? ಊರು ಹಿಡಿಸಿತಾ?'

ಮರುದಿನ ಉತ್ತರ ಬಂತು. 'ಚೆನ್ನಾಗೈತೆ ಮೇಡಂ. ಎಲ್ಲಾ ನೀವು ಬರ್ದಂಗೇ ಐತೆ.'

ಅದನ್ನು ಓದಿದ ಮೇಲೆ ಇನ್ನೊಂದು ಸಾಲು ಬರೆಯುವ ಧೈರ್ಯ ಅವಳಿಗೆ ಬರಲಿಲ್ಲ. ಯಾವ ಬಾಯಲ್ಲಿ ಹೇಳುವುದು? ಹೀಗೆ ಇನ್ನೂ ಒಂದು ವರ್ಷ ಕಳೆದುಹೋಯಿತು. ಮೊದಲನೆಯ ತಪ್ಪನ್ನಾದರೂ ಗೊತ್ತಿಲ್ಲದೆ ಮಾಡಿದ್ದಳು. ಈ ಎರಡನೆಯದನ್ನು ಗೊತ್ತಿದ್ದೇ ಮಾಡಿದಳು.

ಆಮೇಲೆ ಪತ್ರಿಕೆಗಳಲ್ಲಿ ಸುದ್ದಿ ಬರತೊಡಗಿತು. ಪ್ರಯೋಗಾಲಯದಲ್ಲಿ ಮಾಡುವ ವಜ್ರ ಬಂದು ಗಣಿಯ ವಜ್ರಕ್ಕೆ ಬೇಡಿಕೆ ಕುಸಿದಿದೆ. ಬೋಟ್ಸ್ವಾನಾದಲ್ಲಿ ಸರಕಾರದ ಕೈ ಬರಿದಾಗಿದೆ. ಆಸ್ಪತ್ರೆಗಳಲ್ಲಿ ಔಷಧಿಗೆ ಕೊರತೆ. ಪ್ರಮೀಳಾ ಆ ಸುದ್ದಿಯನ್ನು ಮೂರು ಸಲ ಓದಿದಳು. 'ಆಸ್ಪತ್ರೆ: ಉತ್ತಮ' ಎಂದು ಬರೆದು ಗೆರೆ ಎಳೆದವಳು ಅವಳೇ.

ರಾಗಿ ಕೊಯ್ಲಿನ ಸಮಯದಲ್ಲಿ ಚಿನ್ನು ಹೇಳಿದಳು, "ಅಣ್ಣ ಬಂದ್ಬುಟ್ಟವ್ನೆ ಮೇಡಂ. ಅಲ್ಲಿ ಕೆಲ್ಸ ನಿಂತೋಯ್ತಂತೆ. ತುಂಬಾ ಇಳ್ದೋಗವ್ನೆ."

ಭಾನುವಾರ ಬೆಳಿಗ್ಗೆ ಪ್ರಮೀಳಾ ನಾಗಮಂಗಲದ ಬಸ್ಸಿನಲ್ಲಿದ್ದಳು.

*

ಹೊಣಕೆರೆಯ ಆ ಮನೆಯ ಅಂಗಳದಲ್ಲಿ ರವೀಂದ್ರನ ತಾಯಿ ಮಂಚಮ್ಮ ಹುರುಳಿ ಹಸನು ಮಾಡುತ್ತಿದ್ದರು. ಹೆಸರು ಹೇಳಿದ್ದೇ ಮೊರ ಕೆಳಗಿಟ್ಟರು.

"ನೀನೇನವ್ವ ಅವ್ಳು?" ದನಿಯಲ್ಲಿ ಸಿಟ್ಟಿತ್ತು. "ನಿನ್ ಕಾಗ್ದ ನಂಬ್ಕಂಡು ಓದ ಕಣವ್ವ ನನ್ ಮಗ. ಅಲ್ಲಿ ಜ್ವರ ಬಂದು ಹತ್ತು ದಿನ ಮಲಗಿದ್ನಂತೆ. ಗಂಜಿ ಕಾಯ್ಸಿಕೊಡೋರು ಒಬ್ರಿರ್ನಿಲ್ಲ."

ಪ್ರಮೀಳಾ ಅಲ್ಲೇ ಮಂಡಿಯೂರಿ ಕೂತುಬಿಟ್ಟಳು. "ಬೈಯಿರಿ ಅಮ್ಮಾ... ಇನ್ನೂ ಬೈಯಿರಿ. ಅದಕ್ಕೇ ಬಂದೆ."

ಮಂಚಮ್ಮ ಹತ್ತಿರ ಬಂದರು. ಸೆರಗಿನಿಂದ ಅವಳ ಕಣ್ಣೊರೆಸಿದರು. "ಹೊಲ್ದಲ್ಲವ್ನೆ. ಓಗು."

ಕುಯ್ದು ಸಾಲಾಗಿ ಹಾಕಿದ್ದ ರಾಗಿಯ ಅರಿಗಳ ನಡುವೆ ರವೀಂದ್ರ ನಿಂತಿದ್ದ. ಕಪ್ಪಗಾಗಿದ್ದ, ಸೊರಗಿದ್ದ. ಅವಳನ್ನು ಕಂಡು ಕುಡುಗೋಲು ಹಿಡಿದ ಕೈ ಹಾಗೇ ಇಳಿಯಿತು.

"ಮೇಡಂ...?"

"ಆ ಹುಡುಗಿ ನಿಮ್ಮ ತಂಗಿ ಅಂತ ನನಗೆ ಗೊತ್ತಿರಲಿಲ್ಲ!" ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತು ಇದೊಂದೇ ಹೊರಬಿತ್ತು. "ಪೇಟೆ ಅಂಗಡೀಲಿ ಸೀರೆ ತಗೊಳ್ತಿದ್ರಿ... ಅವಳನ್ನೇ ನೀವು ಮದುವೆ ಆಗೋದು ಅಂದುಕೊಂಡೆ... ಸಂಸಾರ ಅಂದಾಗ ಅವಳ ಜೊತೆಗೆ ಅಂದುಕೊಂಡೆ!"

ಅವನು ಬದುವಿನ ಮೇಲೆ ಕೂತ.

"ಅಷ್ಟೇನಾ... ಅಷ್ಟಕ್ಕೇನಾ ಮೂರ್ ವರ್ಷ...?"

"ಒಂದು ಮಾತು ಕೇಳಿದ್ರೆ ಆಗಿತ್ತು. ನಾನು ಕೇಳಲಿಲ್ಲ."

"ನಾನೂ ನೆಟ್ಗೆ ಏಳ್ನಿಲ್ಲ. ಬತ್ತೀರಾ ನನ್ ಜೊತೆ ಅನ್ನಕ್ಕೆ ಎದ್ರಿಕೆ. ಓದಿರೋರು, ನಾಲೆ ಬಯಲೋರು... ಸುತ್ತಿ ಬಳ್ಸಿ ದೇಶದ್ ವಿಚಾರ ಕೇಳ್ದೆ."

ಪ್ರಮೀಳಾ ಪಕ್ಕದಲ್ಲಿ ಕೂತಳು. "ನನ್ನಿಂದ ನೀವು ಕೆಟ್ಟಿರಿ. ನಾನು ಬರೆದದ್ದೆಲ್ಲ ಸುಳ್ಳಾಯಿತು."

"ಸುಳ್ಳಲ್ಲ ಮೇಡಂ. ರಸ್ತೆ ಚೆನ್ನಾಗಿತ್ತು, ಇಸ್ಕೂಲು ಇತ್ತು, ಜನ ಒಳ್ಳೇರು. ದುಡ್ಡಿಗೆ ಪುಲ ಅಂತಾರೆ ಅಲ್ಲಿ. ಪುಲ ಅಂದ್ರೆ ಮಳೆ. ಮಳೆಗೆ ಅಷ್ಟು ಬೆಲೆ ಕೊಡೋ ಜನ ಕೆಟ್ಟೋರಾದಾರಾ? ಕೊನೆಗೊಂದ್ ವರ್ಷ ಅವ್ರಿಗೂ ಕಷ್ಟ ಬಂತು, ಅಷ್ಟೇಯ." ಅವನು ಕುಡುಗೋಲನ್ನು ಪಕ್ಕಕ್ಕಿಟ್ಟ. "ಕಂಪನಿಯೋರು ಎಲ್ಡ್ ರೂಮಿನ ಮನೆ ಕೊಟ್ಟಿದ್ರು. ಸಂಸಾರ ಇರೋ ಅಂಥ ಮನೆ. ಬೀಗ ತಗ್ದು ಒಳೀಕ್ ಓಗಕ್ಕೇ ಬೇಜಾರಾಗೋದು. ನಮೀಬಿಯಾದಲ್ಲೂ ಒಬ್ನೇ ಇದ್ದೆ, ಆದ್ರೆ ಆಗ ನಿಮ್ಮನ್ನ ನೋಡಿರ್ನಿಲ್ವಲ್ಲ..."

ಪ್ರಮೀಳಾ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಅವನ ಕಣ್ಣೂ ತುಂಬಿತ್ತು. ಹೋದ ಮೂರು ವರ್ಷ ಇಬ್ಬರ ನಡುವೆ ಕೂತಿತ್ತು. ಅದನ್ನು ಎತ್ತಿ ಆಚೆಗಿಡುವ ಶಕ್ತಿ ಯಾರಿಗೂ ಇರಲಿಲ್ಲ.

ಕಣ್ಣೊರೆಸಿಕೊಂಡು ಅವಳು ಕೇಳಿದಳು. ಈ ಸಲ ನೆಟ್ಟಗೆ ಕೇಳಿದಳು.

"ನನ್ನ ಮದುವೆ ಆಗ್ತೀರಾ?"

ಅವನು ಅವಳ ಕಡೆ ತಿರುಗಿದ. "ಎಲ್ಲಿರ್ಬೇಕು ಅಂತ ಕೇಳಕಿಲ್ವಾ?"

"ಇಲ್ಲ."

"ನಿಮ್ಮಪ್ಪ ಒಪ್ಪದೆ ಓದ್ರೆ?"

"ಒಪ್ಪೋವರೆಗೂ ಕೇಳ್ತೀನಿ. ಬೇಕು ಅನ್ನೋದನ್ನ ಬಾಯಿ ಬಿಟ್ಟು ಕೇಳದೆ ಇದ್ದದ್ದು ಸಾಕಾಯ್ತು."

ರವೀಂದ್ರ ಧೂಳು ಮೆತ್ತಿದ ಅಂಗೈಯನ್ನು ಪಂಚೆಗೆ ಒರೆಸಿಕೊಂಡ. ಒರೆಸಿ, ಅನುಮಾನಿಸುತ್ತಲೇ ಅವಳ ಮುಂದೆ ಚಾಚಿದ.

"ಆಯ್ತೀನಿ," ಎಂದ. "ಆವತ್ತೇ ಆಯ್ತಿದ್ದೆ ಪ್ರಮೀಳಾ..."

"ಗೊತ್ತು," ಎಂದಳು ಅವಳು, ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಅದನ್ನೇ ನಂಗೆ ಮರೆಯೋಕೆ ಆಗ್ತಿಲ್ಲ."

"ಮರೀಬ್ಯಾಡಿ. ನಾನೂ ಮರೆಯಕಿಲ್ಲ." ಅವನು ಸಣ್ಣಗೆ ನಕ್ಕ. "ಏಳಿ, ಮೊದ್ಲು ಊಟ ಮಾಡಾನ. ಅವ್ವ ಕಾಯ್ತಾವ್ಳೆ."

"ಇನ್ನೊಂದು ಗಳಿಗೆ ಹೀಗೇ ಕೂತಿರೋಣ..."

ಅವನು ಕೂತ.