ಕೆರೆಯಾಚೆಯ ಸಿಳ್ಳೆ

ಎರಡು ಚಿಕ್ಕದು, ಒಂದು ಉದ್ದ. ಉದ್ದದ್ದು ಕೊನೆಯಲ್ಲಿ ಮೆಲ್ಲಗೆ ಕೆಳಗಿಳಿಯುತ್ತದೆ.

ಸಿಳ್ಳೆ ಕೇಳಿದ್ದೇ ತಡ, ಕುರಿಗಳತ್ತ ಓಡುತ್ತಿದ್ದ ಸಾಹೇಬ ಇಳಿಜಾರಿನ ನಡುವೆ ಗಕ್ಕನೆ ಕುಳಿತುಬಿಟ್ಟ.

ಹಿಂದೆಯೇ ಓಡಿ ಬರುತ್ತಿದ್ದ ಅವಳೂ ನಿಂತಳು. ಕೈಯಲ್ಲಿದ್ದ ಇನ್ನೆರಡು ನಾಯಿಗಳ ಹಗ್ಗ ಕಾಲಿಗೆ ಸುತ್ತಿಕೊಂಡದ್ದು ಅವಳಿಗೆ ಗೊತ್ತಾಗಲಿಲ್ಲ.

ಸಾಹೇಬ ಅವಳ ಗಂಡನ ನಾಯಿ. ಯಾರ ಮಾತಿಗೂ ಸೊಪ್ಪು ಹಾಕದ ಸ್ವಭಾವದಿಂದಲೇ ಆ ಹೆಸರು. ಗಂಡ ತುಟಿ ಮಡಚಿ ಇದೇ ಸಿಳ್ಳೆ ಹೊಡೆದರೆ ಮಾತ್ರ ಎಲ್ಲಿದ್ದರೂ ಅಲ್ಲೇ ಕೂರುತ್ತಿದ್ದ. ಯಾರೂ ಕಲಿಸಿದ ಸಿಳ್ಳೆಯಲ್ಲ ಅದು. ಗಂಡ ತಾನೇ ಕಟ್ಟಿದ್ದು.

ಆ ಗಂಡ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲೇ ಇಲ್ಲ. ಅದಾಗಿ ಎರಡು ಚಳಿಗಾಲ ಕಳೆದಿದ್ದವು.

ಹಾಗಾದರೆ ಈಗ ಹೊಡೆದದ್ದು ಯಾರು?

ಮೇಲಿನಿಂದ ಒಬ್ಬ ಇಳಿದು ಬಂದ. ಉಣ್ಣೆಯ ಟೋಪಿ, ಮೊಣಕಾಲಿನವರೆಗೂ ಕೆಸರು. ಪಕ್ಕದಲ್ಲಿ ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಕರಿ ನಾಯಿ. ಅದೂ ಸಾಹೇಬನ ಹಾಗೆಯೇ ಕುಳಿತಿತ್ತು.

"ಆ ಸಿಳ್ಳೆ ನಿಮಗೆ ಎಲ್ಲಿ ಸಿಕ್ತು?" ಅವಳು ಕೇಳಿದಳು.

"ಮೊದ್ಲು ಕಾಲು ನೋಡ್ಕೊಳ್ಳಿ ಮೇಡಂ, ಬೀಳ್ತೀರ."

"ಕೇಳಿದ್ದಕ್ಕೆ ಉತ್ತರ ಹೇಳಿ."

"ನಾನು ಹೊಡೆದದ್ದು ನಮ್ಮ ಚುಕ್ಕಿಗೆ. ನಿಮ್ಮ ಯಜಮಾನ್ರು ಯಾಕೆ ಕೂತ್ರೋ ಅವರನ್ನೇ ಕೇಳಿ," ಎಂದು ಅವನು ಸಾಹೇಬನತ್ತ ಕೈ ತೋರಿಸಿ ನಕ್ಕ.

ಆ ಮಾತು ಅವಳಿಗೆ ಎಲ್ಲಿ ತಾಗಿತೆಂದು ಅವನಿಗೆ ಹೇಗೆ ತಿಳಿಯಬೇಕು?

"ಅದು ನನ್ನ ಗಂಡನ ಸಿಳ್ಳೆ," ಎಂದಳು. "ಅವರು ಈಗಿಲ್ಲ. ಅವರದು ಅಂತ ನನ್ನ ಹತ್ರ ಉಳಿದಿರೋದು ಇದೊಂದೇ. ದಯವಿಟ್ಟು ಇನ್ನೊಂದ್ಸಲ ಹೊಡೀಬೇಡಿ."

ಅವನ ನಗು ನಿಂತಿತು. ಏನೋ ಹೇಳಲು ಬಾಯಿ ತೆರೆದ. ಕೆಳಗೆ ಕಾಣುತ್ತಿದ್ದ ಕೆರೆಯತ್ತ ನೋಡಿದ. ಮತ್ತೆ ಅವಳತ್ತ.

"ಆಗ್ಲಿ," ಎಂದ. "ಹೊಡೆಯಲ್ಲ."

ಅವಳು ನಾಯಿಗಳನ್ನು ಎಳೆದುಕೊಂಡು ದೋಣಿಯ ಕಡೆ ಇಳಿದಳು. ಸಾಹೇಬ ಮಾತ್ರ ದಾರಿಯುದ್ದಕ್ಕೂ ಹಿಂತಿರುಗಿ ನೋಡುತ್ತಲೇ ಇದ್ದ.

ಬೆಟ್ಟಕ್ಕೊಂದು ಕೆರೆಯಿದ್ದ ಆ ಸೀಮೆಯಲ್ಲಿ ಅವಳ ಕೆಲಸವೇ ನಾಯಿಗಳನ್ನು ನಡೆಸುವುದು. ಆಪರೇಷನ್ ಆದವು, ಮೂಳೆ ಕೂಡಿಸಿದವು, ಮಾಲೀಕರು ಪ್ರವಾಸ ಹೋದಾಗ ಬಿಟ್ಟುಹೋದವು, ಎಲ್ಲವನ್ನೂ ಪ್ರಾಣಿಗಳ ಆಸ್ಪತ್ರೆಯಿಂದ ಹೊರಗೆ ಕರೆದೊಯ್ಯುತ್ತಿದ್ದಳು. ಊರಿನವರಿಗೆ ಅವಳು ನಾಯಿ ಮೇಡಂ. ದಿನವೂ ನಡೆಯುವ ದಂಡೆಯ ದಾರಿ ರಿಪೇರಿಗೆಂದು ಮುಚ್ಚಿದ್ದರಿಂದ ಅಂದು ದೋಣಿ ಹತ್ತಿ ಆಚೆ ಬೆಟ್ಟಕ್ಕೆ ಹೋಗಿದ್ದಳು.

ಮನೆಯಲ್ಲಿ ಅತ್ತೆ, ಅವಳು, ಸಾಹೇಬ. ಕೆರೆಯ ಕಡೆಗೊಂದು ಕಿಟಕಿ. ಗಂಡ ಸಂಜೆ ಸಾಹೇಬನನ್ನು ಕರೆದುಕೊಂಡು ನಿಲ್ಲುತ್ತಿದ್ದ ಜಾಗ ಅದರಿಂದ ಕಾಣುತ್ತಿತ್ತು. ಆದ್ದರಿಂದ ಅವಳು ಅದನ್ನು ಮುಚ್ಚಿಯೇ ಇಟ್ಟಿದ್ದಳು. ಸಂಜೆ ಒಂದು ಹೊತ್ತಿಗೆ ಸಾಹೇಬ ಮುಚ್ಚಿದ ಆ ಕಿಟಕಿಯ ಎದುರು ಹೋಗಿ ಕೂರುತ್ತಿದ್ದ. ಪಾಪ, ಯಜಮಾನನ ದಾರಿ ಕಾಯುತ್ತಾನೆ ಎಂದು ಅತ್ತೆ ಸೊಸೆ ಇಬ್ಬರೂ ಸುಮ್ಮನಾಗುತ್ತಿದ್ದರು.

"ಒಂದು ವಿಷಯ ನೋಡಿದ್ಯಾ?" ಅತ್ತೆ ಒಂದು ಸಂಜೆ ಹೇಳಿದರು. "ನೀನು ಬೆಟ್ಟಕ್ಕೆ ಹೋಗಿ ಬಂದಾಗಿಂದ ಸಾಹೇಬ ಕಿಟಕಿ ಹತ್ರ ಕೂರ್ತಾನೇ ಇಲ್ಲ."

ಅವಳು ತಲೆಯೆತ್ತಿದಳು. ಸಾಹೇಬ ಕೋಣೆಯ ತುಂಬ ಓಡಾಡುತ್ತಿದ್ದ. ಒಂದು ಕಿವಿ ಮೇಲೆ, ಒಂದು ಕಿವಿ ಕೆಳಗೆ. ಯಾವುದೋ ಸದ್ದಿಗೆ ಕಾದವನಂತೆ.

ಯಾಕೆ? ಬೆಟ್ಟದ ಆ ಮನುಷ್ಯನಿಗೂ ಇದಕ್ಕೂ ಏನು ಸಂಬಂಧ? ಅವನು ಏನು ಹೇಳಹೊರಟಿದ್ದ?

ಬಹಳ ಕಾಲದ ಮೇಲೆ ಅವಳಿಗೆ ಏನನ್ನೋ ತಿಳಿದುಕೊಳ್ಳಬೇಕು ಅನ್ನಿಸಿತ್ತು. ಹಾಗೆ ಅನ್ನಿಸಿದ್ದೇ ಅವಳಿಗೆ ಆಶ್ಚರ್ಯ.

ಉತ್ತರ ತಾನಾಗಿಯೇ ಆಸ್ಪತ್ರೆಗೆ ಬಂತು. ಬೆಟ್ಟದ ಆ ಕುರಿಯವನು ಚುಕ್ಕಿಯನ್ನು ಕೋಟಿನಲ್ಲಿ ಸುತ್ತಿ ಎತ್ತಿಕೊಂಡು ಬಂದಿದ್ದ. ಮುಂಗಾಲು ಮುರಿದಿತ್ತು.

"ಹೇಗಾಯ್ತು?" ಡಾಕ್ಟರಮ್ಮ ಕೇಳಿದರು.

"ಕಡಿದಾದ ಕಡೆಗೆ ಓಡಿಬಿಟ್ಲು. ನಿಲ್ಲು ಅಂತ ಕೂಗಿದೆ. ಬಾಯಿಮಾತು ಅವಳಿಗೆ ತಿಳಿಯಲ್ಲ."

"ಸಿಳ್ಳೆ ಹೊಡೀಬೇಕಿತ್ತಪ್ಪ. ಬೆಟ್ಟಕ್ಕೆಲ್ಲ ಕೇಳೋ ಹಾಗೆ ಹೊಡೀತಿದ್ರಲ್ಲ, ಏನಾಯ್ತು?"

ಅವನು ಗೋಡೆಯ ಮೇಲಿದ್ದ ಲಸಿಕೆಯ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ.

ಬ್ಯಾಂಡೇಜ್ ಹಿಡಿದು ಪಕ್ಕದಲ್ಲಿ ನಿಂತಿದ್ದ ಅವಳು ಅವನ ಮುಖವನ್ನೇ ನೋಡಿದಳು.

ಕೆಲಸ ಮುಗಿದದ್ದೇ ಅವನ ಹಿಂದೆ ಹೊರಗೆ ಬಂದಳು.

"ಯಾಕೆ ಹೊಡೀಲಿಲ್ಲ?"

"ಹೊಡೆಯಲ್ಲ ಅಂದಿದ್ನಲ್ಲ."

"ನಾಯಿ ಬೀಳ್ತಿದ್ರೂನಾ? ತಲೆ ಸರಿ ಇದ್ಯಾ ನಿಮಗೆ?"

"ತುಟಿಗೆ ಬಂತು. ಅಷ್ಟ್ರಲ್ಲಿ ನಿಮ್ಮ ಮುಖ ನೆನಪಾಯ್ತು. ಒಂದು ಕ್ಷಣ ತಡ ಆಯ್ತು, ಅಷ್ಟೇ. ತಪ್ಪು ನಿಮ್ದಲ್ಲ."

ಅವಳು ಆಸ್ಪತ್ರೆಯ ಹಿಂಬದಿಯ ಮೆಟ್ಟಿಲ ಮೇಲೆ ಕುಳಿತಳು. ಅವನೂ ಎರಡು ಮೆಟ್ಟಿಲು ಕೆಳಗೆ ಕುಳಿತ.

"ಅವತ್ತು ಕೇಳಿದ್ದನ್ನೇ ಕೇಳ್ತೀನಿ," ಎಂದಳು. ಈ ಸಲ ದನಿಯಲ್ಲಿ ಸಿಟ್ಟಿರಲಿಲ್ಲ. "ಅದು ನಿಮಗೆ ಹೇಗೆ ಬಂತು?"

"ಈ ದಂಡೆಯಿಂದ," ಎಂದ ಅವನು. "ದಿನಾ ಸಂಜೆ ಕೇಳಿಸ್ತಿತ್ತು. ಚುಕ್ಕಿ ಆಗ ಮರಿ. ನಾನು ತಲೆಕೆಳಗಾಗಿ ನಿಂತು ಕಲಿಸಿದ್ರೂ ಕಲೀತಿರ್ಲಿಲ್ಲ. ಈ ಕಡೆ ಸಿಳ್ಳೆ ಕೇಳಿದ್ರೆ ಮಾತ್ರ ಕಿವಿ ನೆಟ್ಟಗೆ ಮಾಡ್ಕೊಂಡು ಕೂತ್ಬಿಡೋಳು. ಕೊನೆಗೆ ನಾನೇ ಸೋತು ಅದನ್ನ ಕಲ್ತೆ. ಒಂದಿನ ಅವರು ಹೊಡೆದ್ಮೇಲೆ ನಾನೂ ಹೊಡೆದೆ. ಆ ಕಡೆಯಿಂದ ಮತ್ತೆ ಬಂತು. ಅಲ್ಲಿಂದ ದಿನಾ. ಅವರೊಂದು, ನಾನೊಂದು."

"ಯಾರು ಅಂತ ನೋಡಬೇಕು ಅನ್ನಿಸ್ಲಿಲ್ವಾ?"

"ಅನ್ನಿಸದೇ ಏನು. ದೋಣಿ ಹತ್ತಿದ್ರೆ ಆಯ್ತು. ನಾಳೆ ಹೋಗೋಣ, ನಾಳೆ ಹೋಗೋಣ... ಒಂದಿನ ನಿಂತೇಹೋಯ್ತು. ಊರು ಬಿಟ್ರೇನೋ ಅಂದ್ಕೊಂಡೆ. ಆದ್ರೂ ಸಂಜೆ ಒಂದ್ಸಲ ಹೊಡೀತಿದ್ದೆ. ಎಲ್ಲಾದ್ರೂ ವಾಪಸ್ ಬಂದಿದ್ರೆ ಅಂತ." ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. "ಅವತ್ತು ನೀವು ಹೇಳಿದಾಗಲೇ ನನಗೆ ಗೊತ್ತಾಗಿದ್ದು. ಅವರ ಮಾತು ಆಡ್ತಿದೀವಿ ಅಂತ ತಿಳೀದೆ ನಕ್ಕಿದ್ದೆ. ಬೇಜಾರು ಮಾಡ್ಕೋಬೇಡಿ."

ಅವಳಿಗೆ ಮುಚ್ಚಿದ ಕಿಟಕಿ ನೆನಪಾಯಿತು. ಅದರೆದುರು ಕೂರುತ್ತಿದ್ದ ಸಾಹೇಬ. ಅವನು ಕಾಯುತ್ತಿರಲಿಲ್ಲ... ತಮ್ಮ ಕಿವಿಗೆ ಬೀಳದ ಆ ಸಿಳ್ಳೆಯನ್ನು ಕೇಳಿಸಿಕೊಂಡು ಕೂರುತ್ತಿದ್ದ!

ಇನ್ನೊಂದು ಸಂಜೆಯೂ ನೆನಪಾಯಿತು. ಗಂಡ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಬೆಟ್ಟ ನನಗೆ ಜವಾಬು ಕೊಡುತ್ತೆ ಕಣೇ," ಎಂದಿದ್ದ.

"ಅದು ಪ್ರತಿಧ್ವನಿ ಕಣ್ರೀ. ಓದಿದೋರು ನೀವು."

"ಪ್ರತಿಧ್ವನಿ ಕೊನೇಲಿ ಒಂದು ಚಿಕ್ಕದನ್ನ ಜಾಸ್ತಿ ಸೇರಿಸುತ್ತಾ?"

ಅವಳು ನಕ್ಕು ತಟ್ಟೆ ಇಡಲು ಹೋಗಿದ್ದಳು.

"ನೀವು ಉತ್ತರ ಕೊಡುವಾಗ," ಎಂದಳು ಈಗ, ಮೆಲ್ಲಗೆ, "ಕೊನೇಲಿ ಒಂದು ಚಿಕ್ಕದು ಜಾಸ್ತಿ ಹೊಡೀತಿದ್ರಾ?"

ಅವನು ಬೆರಗಾಗಿ ನೋಡಿದ. "ಅದು ನಿಮಗೆ ಹೇಗೆ ಗೊತ್ತು?"

"ಅದರ ಅರ್ಥ ಏನು?"

"ಅರ್ಥ ಏನಿದೆ... ಕೇಳಿಸ್ತು ಅಂತ."

ಅವಳು ಮುಖ ಆ ಕಡೆ ತಿರುಗಿಸಿದಳು. ಎರಡು ಚಳಿಗಾಲಗಳಲ್ಲಿ ಬಾರದ ಅಳು ಪ್ರಾಣಿಗಳ ಆಸ್ಪತ್ರೆಯ ಹಿಂಬಾಗಿಲಲ್ಲಿ ಬಂತು. ಅವನು ಸಮಾಧಾನ ಹೇಳಲಿಲ್ಲ, ಎದ್ದು ಹೋಗಲೂ ಇಲ್ಲ.

ಚುಕ್ಕಿ ಆಸ್ಪತ್ರೆಯಲ್ಲೇ ಉಳಿದಳು. ನಡೆಯುವಷ್ಟು ಆದ ಮೇಲೆ ಹೊಸ ತೊಂದರೆ. ಓಡಬಾರದು ಎಂದರೆ ಓಡುತ್ತಾಳೆ, ನಿಲ್ಲು ಎಂದರೆ ಬಾಲ ಆಡಿಸುತ್ತಾಳೆ.

"ನನಗೆ ಸಿಳ್ಳೆ ಕಲಿಸಿ," ಎಂದಳು ಅವಳು.

ಮಧ್ಯಾಹ್ನದ ದೋಣಿಯಲ್ಲಿ ಅವನು ಬರುವುದು, ಇಬ್ಬರೂ ನಾಯಿಗಳೊಂದಿಗೆ ಆಸ್ಪತ್ರೆಯ ಪಕ್ಕದ ಚಿಕ್ಕ ಕೆರೆಯನ್ನು ಸುತ್ತುವುದು ರೂಢಿಯಾಯಿತು. ಮುಂದೆ ಕುಂಟುತ್ತ ಚುಕ್ಕಿ. ಹಿಂದೆ, ತನಗೆ ಇದೆಲ್ಲ ಸಂಬಂಧವಿಲ್ಲ ಎಂಬಂತೆ ಸಾಹೇಬ.

"ನಾಲಿಗೆ ಹಿಂದಕ್ಕೆ. ತುಟಿ ಬಿಗಿ. ಹೂಂ, ಊದಿ."

"ಫೂ..."

"ಟೀ ಆರಿಸ್ತಿದೀರಾ?"

"ಹಾಗಾದ್ರೆ ಸರಿಯಾಗಿ ಹೇಳಿಕೊಡಿ. ಮರಿನಾಯಿಗೇ ಕಲಿಸೋಕಾಗದ ಮೇಷ್ಟ್ರು ನೀವು."

ಅವನು ಜೋರಾಗಿ ನಕ್ಕ. ಅವಳಿಗೂ ನಗು ಬಂತು. ಬಂದ ಮೇಲೆ ಭಯವಾಯಿತು.

ದೋಣಿಯ ಹೊತ್ತಿಗೆ ಸರಿಯಾಗಿ ಆಸ್ಪತ್ರೆಯ ಕಿಟಕಿಯತ್ತ ಕಣ್ಣು ಹೋಗುವುದನ್ನು ಅವಳೇ ಗಮನಿಸಿದ್ದಳು. ಇವನ ಬಾಯಲ್ಲಿ ಸಿಳ್ಳೆ ಕೇಳುತ್ತ ಕೇಳುತ್ತ ಅವರದು ಹೇಗಿತ್ತೆಂದು ಮರೆತುಹೋದರೆ? ಆಮೇಲೆ ನನ್ನ ಹತ್ತಿರ ಏನು ಉಳಿಯುತ್ತದೆ?

ಒಂದು ಮಧ್ಯಾಹ್ನ ಅವನು ನಡೆಯುತ್ತಲೇ ಹೇಳಿದ: "ಚುಕ್ಕಿ ಕಾಲು ಸರಿಹೋದ್ಮೇಲೆ, ದೋಣಿ ಹತ್ತೋಕೆ ನನಗೆ ಬೇರೆ ಕಾರಣ ಬೇಕಾಗುತ್ತೆ."

ಅವಳು ಬಗ್ಗಿ ಚುಕ್ಕಿಯ ಕಾಲಿನ ಪಟ್ಟಿ ಸರಿಮಾಡತೊಡಗಿದಳು. ಅವನು ಅದನ್ನು ಬೇಡವೆಂದೇ ತಿಳಿದ.

"ಬಿಡಿ, ಹೇಳಬಾರದಿತ್ತು," ಎಂದ. "ಚುಕ್ಕಿಗೆ ತಗಡಿನ ಪೀಪಿ ತಗೊಂಡಿದೀನಿ. ಅದನ್ನೇ ರೂಢಿ ಮಾಡಿಸ್ತೀನಿ. ನಿಮ್ಮ ಯಜಮಾನ್ರ ಸಿಳ್ಳೆ ನಿಮ್ಮಲ್ಲೇ ಇರ್ಲಿ. ನಾನಿನ್ನು ಹೊಡೆಯಲ್ಲ."

ಆ ವಾರವೇ ಚುಕ್ಕಿಯನ್ನು ಕರೆದುಕೊಂಡು ಹೋದ. ಮತ್ತೆ ಬರಲಿಲ್ಲ.

ಮಧ್ಯಾಹ್ನದ ದೋಣಿ ಬಂದು ಹೋಗುತ್ತಿತ್ತು. ಒಮ್ಮೊಮ್ಮೆ ಗಾಳಿ ಈ ಕಡೆ ಬೀಸಿದರೆ ಬೆಟ್ಟದಿಂದ ಪೀಪಿಯ ಕಿರುಚು ಕೇಳುತ್ತಿತ್ತು. ಸಾಹೇಬ ಮುಖ ಸಿಂಡರಿಸುತ್ತಿದ್ದ.

"ಏನದು ದರಿದ್ರ ಸದ್ದು?" ಅತ್ತೆ ಕೇಳಿದರು.

ಅವಳು ಮೊದಲಿನಿಂದ ಎಲ್ಲವನ್ನೂ ಹೇಳಿದಳು. ದೋಣಿಯ ಹೊತ್ತಿಗೆ ಕಣ್ಣು ಆಸ್ಪತ್ರೆಯ ಕಿಟಕಿಯತ್ತ ಹೋಗುವುದನ್ನೂ ಮುಚ್ಚಿಡಲಿಲ್ಲ. ಅತ್ತೆ ಕೈಯಲ್ಲಿದ್ದ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು.

"ನನ್ನ ಮಗ ಸಂಜೆ ನಗ್ತಾ ಒಳಗೆ ಬರ್ತಿದ್ದ. ಯಾಕೆ ಅಂತ ಈಗ ತಿಳೀತು ನೋಡು." ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟರು. "ಅವನಂತೂ ಹೋದ. ಸಿಳ್ಳೆನಾದ್ರೂ ಬದುಕಿತ್ತು, ಆ ಬೆಟ್ಟದ ಮೇಲೆ. ಅದನ್ನೂ ನೀನೇ ನಿಲ್ಲಿಸಿದ್ಯಲ್ಲೇ ಮಗಳೇ."

"ಮರೆತುಹೋಗುತ್ತೆ ಅನ್ನೋ ಭಯ ಅತ್ತೆ."

"ಕಿಟಕಿ ಮುಚ್ಕೊಂಡು ಕೂತ್ಯಲ್ಲ, ಆಗ ಜಾಸ್ತಿ ನೆನಪಿತ್ತಾ?"

ಅತ್ತೆ ಎದ್ದು ಹೋಗಿ ಕಿಟಕಿಯ ಚಿಲಕ ತೆಗೆದರು. ಬಿಗಿದುಕೊಂಡಿತ್ತು, ಗುದ್ದಬೇಕಾಯಿತು.

ಬೆಳಕು ಇನ್ನೂ ಇತ್ತು. ಅವಳು ಸಾಹೇಬನನ್ನು ಕರೆದುಕೊಂಡು ದಂಡೆಗೆ ಇಳಿದಳು. ಗಂಡ ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು. ನಾಲಿಗೆ ಹಿಂದಕ್ಕೆ. ತುಟಿ ಬಿಗಿ.

ಫೂ...

ಸಾಹೇಬ ಮುಖ ಬೇರೆ ಕಡೆ ತಿರುಗಿಸಿಕೊಂಡ.

ಮತ್ತೆ ಊದಿದಳು. ಎರಡು ಚಿಕ್ಕದು. ಒಂದು ಉದ್ದ. ಕೊನೆಯಲ್ಲಿ ಮೆಲ್ಲಗೆ ಇಳಿಯುತ್ತ, ನೀರಿನ ಮೇಲೆ ಹೋಯಿತು.

ಸಾಹೇಬ ಕುಳಿತ.

ಮರೆತಿರಲಿಲ್ಲ. ಒಂದಿಷ್ಟೂ ಮರೆತಿರಲಿಲ್ಲ.

ಆಚೆ ಬೆಟ್ಟ ಸುಮ್ಮನಿತ್ತು. ಅವನು ಮನೆಯೊಳಗಿದ್ದಾನೋ? ಕೇಳಿಸಲಿಲ್ಲವೋ? ಆಮೇಲೆ ಹೊಳೆಯಿತು. ಹೊಡೆಯಲ್ಲ ಎಂದು ಮಾತು ಕೊಟ್ಟವನು. ನಾಯಿ ಬೀಳುವಾಗಲೂ ತಡೆದು ನಿಂತವನು. ಈಗ ಹೇಗೆ ಹೊಡೆದಾನು?

ಇನ್ನೊಮ್ಮೆ ಹೊಡೆದಳು. ಈ ಸಲ ಎದೆ ತುಂಬ ಉಸಿರೆಳೆದು, ಹೊಡೀಬೇಡಿ ಎಂದ ಮಾತನ್ನು ವಾಪಸ್ ಪಡೆಯುವವಳ ಹಾಗೆ.

ಬಂತು. ಎರಡು ಚಿಕ್ಕದು, ಒಂದು ಉದ್ದ... ಮತ್ತೆ ಕೊನೆಯಲ್ಲಿ, ಜಾಸ್ತಿಯಾಗಿ, ಒಂದು ಪುಟ್ಟದು.

ಮರುದಿನ ಅವನು ಮಧ್ಯಾಹ್ನದವರೆಗೆ ಕಾಯಲಿಲ್ಲ. ಮೊದಲ ದೋಣಿಯಲ್ಲೇ ಇಳಿದ. ಚುಕ್ಕಿ ಅವನಿಗಿಂತ ಮುಂಚೆ ಹಾರಿ ಸಾಹೇಬನನ್ನು ಮೂಸಿದಳು.

"ನಿನ್ನೆ ಯಾಕಷ್ಟು ತಡ?" ಎಂದಳು ಅವಳು.

"ಮೊದಲನೇದು ಸಿಳ್ಳೆ ಅಂತ ಗೊತ್ತಾಗ್ಲಿಲ್ಲ. ಆ ಕಡೆ ಯಾರೋ ಟೀ ಆರಿಸ್ತಿದಾರೆ ಅಂದ್ಕೊಂಡೆ."

"ಅಲ್ಲಿವರೆಗೂ ಅದು ಕೇಳಿಸಲ್ಲ. ಸುಳ್ಳು."

"ಸುಳ್ಳೇ." ಅವನು ಟೋಪಿ ತೆಗೆದ. "ಎರಡನೇದು ಕೇಳಿದಾಗ ಕೈಕಾಲು ಆಡ್ಲಿಲ್ಲ. ಉಸಿರಿದ್ರೆ ತಾನೆ ಊದೋದು."

ನಾಲ್ವರೂ ಚಿಕ್ಕ ಕೆರೆಯ ದಾರಿ ಹಿಡಿದರು.

"ಆ ಪೀಪಿ ಎಲ್ಲಿ?"

"ಜೇಬಲ್ಲಿದೆ."

ಅವಳು ಕೈ ಚಾಚಿದಳು. ಕೊಟ್ಟ. ತನ್ನ ಕೋಟಿನ ಒಳಜೇಬಿಗೆ ಹಾಕಿಕೊಂಡಳು.

"ಅವರು ನನ್ನಲ್ಲಿ ಹಾಗೇ ಇದಾರೆ, ಇರ್ತಾರೆ," ಎಂದಳು. "ಅದು ತಿಳಿದೂ ನೀವು ಬರೋದಾದ್ರೆ... ನಾನು ದೋಣಿಯ ದಾರಿ ನೋಡ್ತಾ ಇರ್ತೀನಿ. ಇಷ್ಟು ದಿನವೂ ನೋಡ್ತಾನೇ ಇದ್ದೆ. ಈ ಸಲ ಮಾತ್ರ, ನಾಳೆ ಹೋಗೋಣ ಅಂತ ಕೂತ್ಕೋಬೇಡಿ."

ಅವನು ನಿಂತ. ಏನೋ ಹೇಳಲು ಬಾಯಿ ತೆರೆದ, ಮೊದಲ ದಿನದ ಹಾಗೆಯೇ. ಈ ಸಲ ಕೆರೆಯತ್ತ ನೋಡಲಿಲ್ಲ, ಅವಳತ್ತಲೇ ನೋಡಿದ.

ತುಟಿ ಮಡಚಿ, ಆ ಕೊನೆಯ ಪುಟ್ಟದನ್ನಷ್ಟೇ ಹೊಡೆದ.