ಕುರ್ಚಿಯ ಮೇಲಿನ ಮರಳು

ನನ್ನ ಭಾವ ಹಲ್ಲಿನ ಡಾಕ್ಟರು. ದುಬಾರಿ ಕ್ಯಾಮೆರಾ ಕೊಂಡು, ಅದರ ಜೊತೆ ಬಂದ ಪುಸ್ತಕವನ್ನು ತೆರೆಯದೆಯೇ, "ದರಿದ್ರ ಕ್ಯಾಮೆರಾ ಕಣೋ, ಕ್ಲಿನಿಕ್ಕಿನ ಫೋಟೋ ಎಲ್ಲ ಮರಳು ಎರಚಿದ ಹಾಗೆ ಬರುತ್ತೆ" ಎಂದು ಗೊಣಗಿದರು. ಇಂಥ ಶ್ರೀಮಂತ ದಡ್ಡರಿಗೆ ಫೋಟೋ ತೆಗೆಯುವ ಪಾಠ ಹೇಳಿಯೇ ನನ್ನ ಹೊಟ್ಟೆ ತುಂಬುವುದು.

ರಜೆಯ ಮಧ್ಯಾಹ್ನ ಕ್ಲಿನಿಕ್ಕಿಗೆ ಹೋಗಿ, ರೋಗಿಗಳು ಒರಗುವ ಖಾಲಿ ಕುರ್ಚಿಯ ಎದುರು ಕ್ಯಾಮೆರಾ ನಿಲ್ಲಿಸಿದೆ.

"ಐಎಸ್‌ಒ ಅಂದ್ರೆ ಒಳಗೆ ಬಿದ್ದ ಬೆಳಕನ್ನ ಕ್ಯಾಮೆರಾ ಎಷ್ಟು ಜೋರು ಮಾಡಿ ತೋರಿಸ್ಬೇಕು ಅನ್ನೋ ಅಳತೆ ಭಾವ. ಏರಿಸಿದ್ರೆ ಬೆಳಕೇನೂ ಹೆಚ್ಚಾಗಲ್ಲ. ರೇಡಿಯೋ ಜೋರು ಮಾಡಿದ್ರೆ ಹಾಡಿನ ಜೊತೆ ಗರಗರನೂ ಜೋರಾಗುತ್ತಲ್ಲ? ಆ ಗರಗರನೇ ಈ ಮರಳು."

"ಅಷ್ಟು ದುಡ್ಡು ಸುರಿದ ಮೇಲೂ ಗರಗರನಾ?"

ಕಲ್ಲಿಗೆ ಹೇಳಿದ್ದರೂ ಅರ್ಥವಾಗುತ್ತಿತ್ತು.

ಐಎಸ್‌ಒ ನೂರರಲ್ಲಿಟ್ಟು, ಶಟರ್ ನಿಧಾನ ಮಾಡಿ ತೆಗೆದ ಚಿತ್ರ ಶುಭ್ರವಾಗಿತ್ತು. ಆಮೇಲೆ ಐಎಸ್‌ಒ ತುದಿಗೇರಿಸಿದೆ. ಮರಳು ಚಿತ್ರದ ತುಂಬ ಹರಡಬೇಕಿತ್ತು. ಅದು ಕುರ್ಚಿಯ ಮೇಲೆ ಮಾತ್ರ, ಯಾರೋ ಒರಗಿದ ಆಕಾರದಲ್ಲಿತ್ತು. ಮತ್ತೊಮ್ಮೆ ತೆಗೆದಾಗ ಅದು ಎದ್ದು ನೆಟ್ಟಗೆ ಕೂತಿತ್ತು. ಲೆನ್ಸಿಗೆ ಮುಚ್ಚಳ ಹಾಕಿ ತೆಗೆದ ಕಪ್ಪು ಚಿತ್ರದಲ್ಲೂ ಇತ್ತು. ಪಕ್ಕದ ಬೋಗುಣಿಯಲ್ಲಿ, ಯಾರೋ ಈಗಷ್ಟೇ ಬಾಯಿ ಮುಕ್ಕಳಿಸಿದಂತೆ, ನೀರು ಸುತ್ತುತ್ತಿತ್ತು.

ನನ್ನದೇ ಕ್ಯಾಮೆರಾ ಹೊರತೆಗೆದು, ಅದರಲ್ಲೂ ಐಎಸ್‌ಒ ತುದಿಗೇರಿಸಿ, ಭಾವನನ್ನೂ ಸೇರಿಸಿ ಕ್ಲಿಕ್ಕಿಸಿದೆ. ಕುರ್ಚಿ ಖಾಲಿಯಾಗಿತ್ತು. ಮರಳು ಭಾವನ ಹೆಗಲ ಹಿಂದೆ ನಿಂತಿತ್ತು.

"ನೋಡಿದ್ಯಾ, ನಿನ್ನದೂ ದರಿದ್ರ ಕ್ಯಾಮೆರಾನೇ!" ಎಂದು ಅವರು ಹಲ್ಲು ಕಿರಿದರು.

ಈಗ ಭಾವ ಐಎಸ್‌ಒ ನೂರು ದಾಟುವುದಿಲ್ಲ, ಫೋಟೋ ಎಲ್ಲ ಸ್ವಚ್ಛವಾಗಿ ಬರುತ್ತವೆಂದು ಬೀಗುತ್ತಾರೆ. ಹೋದ ವಾರ ಅವರ ಮನೆಯಲ್ಲಿ ಊಟದ ಮೇಜಿನ ಚಿತ್ರವೊಂದನ್ನು ನಾನು ಐಎಸ್‌ಒ ಏರಿಸಿ ತೆಗೆದೆ. ಮರಳು ನನ್ನ ಅಕ್ಕನ ಪಕ್ಕ ಕೂತಿದೆ.